ಮುಂಬಯಿಯ ಬಾಡಿಗೆ, ಮೈಸೂರಿನ ನೆಲ

ಲಾರ್ಡ್ ಕರ್ಜನ್ ಮುಂಬಯಿಯಲ್ಲಿ ಹಡಗಿನಿಂದ ಇಳಿದ ಮರುದಿನ, ಅಂದರೆ 1898ರ ಡಿಸೆಂಬರ್ 31ರಂದು, ಒಂದು ನಿಯೋಗ ಅವರನ್ನು ಕಾಣಲು ಬಂತು. ಅವರಿನ್ನೂ ವೈಸ್‌ರಾಯ್ ಆಗಿ ಅಧಿಕಾರ ವಹಿಸಿಕೊಂಡಿರಲಿಲ್ಲ. ನಿಯೋಗದಲ್ಲಿ ಜಮ್ಸೆಟ್‌ಜಿ ಟಾಟಾ ಇದ್ದರು. ಸಂಶೋಧನೆಗೆಂದೇ ಒಂದು ವಿಶ್ವವಿದ್ಯಾಲಯ ಕಟ್ಟುವ ಯೋಜನೆಯನ್ನು ಅವರು ತಂದಿದ್ದರು. ಕರ್ಜನ್ ಎರಡು ಅನುಮಾನಗಳನ್ನು ಎತ್ತಿದರು. ಇಷ್ಟು ಎತ್ತರದ ವಿದ್ಯೆಗೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ಸಿಗುತ್ತಾರೆಯೇ? ಸಿಕ್ಕರೂ, ಕಲಿತು ಹೊರಬಂದ ಮೇಲೆ ಅವರಿಗೆ ಕೆಲಸ ಕೊಡುವವರು ಯಾರು?

ಪ್ರಶ್ನೆಗಳಲ್ಲಿ ಉದಾಸೀನವಿತ್ತು, ಆದರೆ ಹುರುಳಿಲ್ಲದ ಪ್ರಶ್ನೆಗಳಲ್ಲ. ಆಗಿನ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಹಂಚುವ ಕಚೇರಿಗಳಾಗಿದ್ದವು. ಪಾಠ ಕಾಲೇಜುಗಳಲ್ಲಿ ನಡೆಯುತ್ತಿತ್ತು. ಸಂಶೋಧನೆ ಎನ್ನುವುದು ಯಾರೋ ಒಬ್ಬಿಬ್ಬರ ಹಟಕ್ಕೆ ಬಿಟ್ಟ ವಿಷಯ. ಟಾಟಾ ಅವರ ಪರವಾಗಿ ಬರ್ಜೋರ್‌ಜಿ ಪಾದಶಾ ಯುರೋಪು, ಅಮೆರಿಕ ಸುತ್ತಿ, ಅಲ್ಲಿನ ವಿಶ್ವವಿದ್ಯಾಲಯಗಳು ನಡೆಯುವ ಬಗೆಯನ್ನು ನೋಡಿಕೊಂಡು ಬಂದಿದ್ದರು. ಅವರ ಮನಸ್ಸಿನಲ್ಲಿ ಕುಳಿತದ್ದು ಅಮೆರಿಕದ ಜಾನ್ಸ್ ಹಾಪ್ಕಿನ್ಸ್.

ದುಡ್ಡಿನ ವಿಚಾರಕ್ಕೆ ಬರೋಣ, ಏಕೆಂದರೆ ಈ ಯೋಜನೆಯಿಂದ ಹುಟ್ಟಿದ ಸಂಸ್ಥೆಯ ಕಥೆ ಅದರದೇ ಕಥೆ. ಟಾಟಾ ನಗದು ಕೊಡಲಿಲ್ಲ. ಮುಂಬಯಿಯಲ್ಲಿದ್ದ ತಮ್ಮ ಕಟ್ಟಡಗಳು, ನಿವೇಶನಗಳನ್ನು ಬರೆದುಕೊಡಲು ಮುಂದಾದರು. ಅವುಗಳ ಬೆಲೆ 30 ಲಕ್ಷ ರೂಪಾಯಿ. ವರ್ಷಕ್ಕೆ ಬರುವ ಆದಾಯ ಸುಮಾರು ಒಂದೂಕಾಲು ಲಕ್ಷ. ವ್ಯಾಪಾರಿಯ ತಲೆಗೆ ಹೊಳೆಯುವ ಏರ್ಪಾಡು ಇದು. ನಗದು ಕೊಟ್ಟರೆ ಒಂದು ದಿನ ಖರ್ಚಾಗುತ್ತದೆ, ಬಾಡಿಗೆ ಮಾತ್ರ ತಿಂಗಳು ತಿಂಗಳು ಬರುತ್ತಲೇ ಇರುತ್ತದೆ. ಆದರೆ ಬಾಡಿಗೆಯಿಂದ ಪ್ರಾಧ್ಯಾಪಕರಿಗೆ ಸಂಬಳ ಕೊಡಬಹುದೇ ಹೊರತು ಪ್ರಯೋಗಾಲಯ ಕಟ್ಟಲಾಗದು. ಕಟ್ಟಲು ನೆಲ ಬೇಕು, ಕಲ್ಲು ಬೇಕು, ಇಡುಗಂಟು ಬೇಕು.

ಅಲ್ಲಿಗೆ ಬಂದದ್ದು ಮೈಸೂರು. ಚಾಮರಾಜೇಂದ್ರ ಒಡೆಯರು ತೀರಿಕೊಂಡು, ಮಗನಿಗೆ ಪ್ರಾಯ ಬರುವವರೆಗೆ ವಾಣೀವಿಲಾಸ ಸನ್ನಿಧಾನದವರು ರಾಜ್ಯಭಾರ ನೋಡಿಕೊಳ್ಳುತ್ತಿದ್ದ ಕಾಲ. ದಿವಾನರು ಕೆ. ಶೇಷಾದ್ರಿ ಅಯ್ಯರ್. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸುವ ಯೋಜನೆಯಲ್ಲಿ ಮುಳುಗಿದ್ದ ದಿವಾನರಿಗೆ, ವಿಜ್ಞಾನಕ್ಕೆ ದುಡ್ಡು ಹಾಕುವುದರ ಅರ್ಥವನ್ನು ಬೇರೆಯವರು ಹೇಳಿಕೊಡಬೇಕಿರಲಿಲ್ಲ. ಟಾಟಾ ಅವರಿಗೂ ಈ ಸಂಸ್ಥಾನ ಹೊಸದಲ್ಲ. ಬೆಂಗಳೂರಿನ ಬಸವನಗುಡಿಯ ಬಳಿ ಅವರು ಜಪಾನೀ ಪದ್ಧತಿಯ ರೇಷ್ಮೆ ಕೃಷಿ ಆರಂಭಿಸಿದ್ದರು. ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಇವತ್ತಿಗೂ ಬೆಂಗಳೂರಿನ ಬಾಯಲ್ಲಿದೆ, ಹುಳು ಮೇಯಿಸಿದ ನೆನಪು ಯಾರಿಗೂ ಇಲ್ಲದಿದ್ದರೂ.

ಸ್ಥಳ ನಿಶ್ಚಯಿಸಲು ಇಂಗ್ಲೆಂಡಿನಿಂದ ವಿಲಿಯಂ ರಾಮ್ಸೆ ಬಂದರು. ಆರ್ಗಾನ್ ಅನಿಲವನ್ನು ಕಂಡುಹಿಡಿದ, ಮುಂದೆ 1904ರಲ್ಲಿ ನೊಬೆಲ್ ಪಡೆದ ರಸಾಯನ ವಿಜ್ಞಾನಿ ಅವರು. ದೇಶ ಸುತ್ತಿ ಬೆಂಗಳೂರೇ ಸರಿ ಎಂದರು. ಅಷ್ಟಕ್ಕೆ ಸರ್ಕಾರಕ್ಕೆ ಸಮಾಧಾನವಾಗಲಿಲ್ಲ. ಮೆಲ್ಬರ್ನ್‌ನ ಪ್ರಾಧ್ಯಾಪಕ ಮ್ಯಾಸನ್ ಮತ್ತು ರೂರ್ಕಿಯ ಎಂಜಿನಿಯರಿಂಗ್ ಕಾಲೇಜಿನ ಕರ್ನಲ್ ಕ್ಲಿಬರ್ನ್ ಸೇರಿ ಇನ್ನೊಂದು ವರದಿ ಬರೆದರು. ಕಡತ ಓಡಾಡುತ್ತಲೇ ಇತ್ತು. 1901ರಲ್ಲಿ ಶೇಷಾದ್ರಿ ಅಯ್ಯರ್ ತೀರಿಕೊಂಡರು. 1904ರಲ್ಲಿ ಜರ್ಮನಿಯಲ್ಲಿ ಜಮ್ಸೆಟ್‌ಜಿಯೂ ತೀರಿಕೊಂಡರು. ಮಕ್ಕಳಾದ ದೊರಾಬ್‌ಜಿ ಮತ್ತು ರತನ್ ತಂದೆಯ ಮಾತಿನಿಂದ ಹಿಂದೆ ಸರಿಯಲಿಲ್ಲ. ಹಾಗೆ ಸರಿದಿದ್ದರೆ ಕೇಳುವವರು ಇರಲಿಲ್ಲ ಎನ್ನುವುದನ್ನು ನೆನೆದರೆ ಅದರ ತೂಕ ತಿಳಿಯುತ್ತದೆ.

1907ರಲ್ಲಿ ಮೈಸೂರು 371 ಎಕರೆ ನೆಲವನ್ನು ಉಚಿತವಾಗಿ ಕೊಟ್ಟಿತು. ಕಟ್ಟಡಕ್ಕೆ 5 ಲಕ್ಷ ರೂಪಾಯಿ, ವರ್ಷವರ್ಷ 50 ಸಾವಿರ ರೂಪಾಯಿ ಬೇರೆ. ಟಾಟಾ ಆಸ್ತಿಯ ವಾರ್ಷಿಕ ಆದಾಯದ ಪಕ್ಕದಲ್ಲಿಟ್ಟು ನೋಡಿದರೆ ಈ 50 ಸಾವಿರ ಅದರ ಐದರಲ್ಲಿ ಎರಡು ಪಾಲು. ಭಾರತ ಸರ್ಕಾರವೂ ವಾರ್ಷಿಕ ಅನುದಾನಕ್ಕೆ ಒಪ್ಪಿತು. 1909ರ ಮೇ 27ರಂದು ಆಸ್ತಿಯನ್ನು ಸಂಸ್ಥೆಗೆ ವಹಿಸುವ ಆದೇಶ ಹೊರಬಿತ್ತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಕಾನೂನಿನ ಪ್ರಕಾರ ಹುಟ್ಟಿದ್ದು ಆ ದಿನ. 1911ರ ಫೆಬ್ರುವರಿ 1ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರದ ಕಲ್ಲನ್ನಿಟ್ಟರು. ಅದೇ ಜುಲೈನಲ್ಲಿ ಮೊದಲ ವಿದ್ಯಾರ್ಥಿಗಳು ಬಂದರು. ನಿರ್ದೇಶಕರು ರಾಮ್ಸೆಯವರ ಜೊತೆಗೂಡಿ ನಿಯಾನ್, ಕ್ರಿಪ್ಟಾನ್‌ಗಳನ್ನು ಪತ್ತೆ ಮಾಡಿದ್ದ ಮಾರಿಸ್ ಟ್ರಾವರ್ಸ್. ಕರ್ಜನ್ ಅವರ ಮೊದಲ ಪ್ರಶ್ನೆಗೆ ಉತ್ತರ ಸಿಗಲು ಹನ್ನೆರಡು ವರ್ಷ ಹಿಡಿಯಿತು.

ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟದ್ದು ಗಂಧದ ಮರ.

ಗಂಧ ಆಗ ಮೈಸೂರಿನಲ್ಲಿ ರಾಜವೃಕ್ಷ. ಯಾರ ಹೊಲದಲ್ಲಿ ಬೆಳೆದರೂ ಸರ್ಕಾರದ್ದು. ಹರಾಜಿನಲ್ಲಿ ಮಾರಿದ ಕೊರಡುಗಳಲ್ಲಿ ಬಹುಪಾಲು ಹಡಗೇರಿ ಜರ್ಮನಿಗೆ ಹೋಗಿ, ಅಲ್ಲಿ ಎಣ್ಣೆಯಾಗುತ್ತಿದ್ದವು. 1914ರಲ್ಲಿ ಯುದ್ಧ ಸಿಡಿಯಿತು, ಖರೀದಿದಾರ ಶತ್ರುವಾದ, ಬೊಕ್ಕಸಕ್ಕೆ ಬರುತ್ತಿದ್ದ ಆದಾಯ ನಿಂತಿತು. ವಿಶ್ವೇಶ್ವರಯ್ಯನವರು ಆಗ ದಿವಾನರು. ಕೈಗಾರಿಕೆಗಳ ಹೊಣೆ ಆಲ್ಫ್ರೆಡ್ ಚಾಟರ್ಟನ್ ಅವರದು. ಎಣ್ಣೆಯನ್ನು ಇಲ್ಲೇ ತೆಗೆಯಬಾರದೇಕೆ ಎಂಬ ಪ್ರಶ್ನೆ ಇನ್‌ಸ್ಟಿಟ್ಯೂಟಿನ ಪ್ರಯೋಗಾಲಯಕ್ಕೆ ಹೋಯಿತು. ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಬಟ್ಟಿ ಇಳಿಸುವ ವಿಧಾನವನ್ನು ಹದಕ್ಕೆ ತಂದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ಎದ್ದವು. ಎಣ್ಣೆಯ ಹಿಂದೆಯೇ ಸಾಬೂನು ಬಂತು. ಅದರ ಹಿಂದಿದ್ದ ರಸಾಯನ ತಜ್ಞ ಸೋಸಲೆ ಗರಳಪುರಿ ಶಾಸ್ತ್ರಿಗಳು. ಮೈಸೂರ್ ಸ್ಯಾಂಡಲ್ ಸೋಪಿನ ಪೊಟ್ಟಣ ಬಿಚ್ಚುವವರಿಗೆ ಅದರ ಬೇರು ಒಂದು ಸಂಶೋಧನಾಲಯದಲ್ಲಿದೆ ಎಂದು ತಿಳಿದಿರಬೇಕಾಗಿಲ್ಲ. ವರ್ಷಕ್ಕೆ ಐವತ್ತು ಸಾವಿರ ಕೊಟ್ಟ ಸಂಸ್ಥಾನಕ್ಕೆ ಮಾತ್ರ ಲೆಕ್ಕ ಚೆನ್ನಾಗಿ ಗೊತ್ತಿತ್ತು. ವಿಶ್ವವಿದ್ಯಾಲಯ ಮತ್ತು ಉದ್ಯಮದ ಸಹಭಾಗಿತ್ವ ಎಂದು ಈಗ ವಿಚಾರ ಸಂಕಿರಣಗಳಲ್ಲಿ ಗಂಟೆಗಟ್ಟಲೆ ಮಾತಾಡುತ್ತೇವಲ್ಲ, ಅದು ಇಲ್ಲಿ ಒಪ್ಪಂದದ ಗದ್ದಲವಿಲ್ಲದೆ ನಡೆದುಹೋಗಿತ್ತು.

ಹಾಗೆಂದು ಎಲ್ಲವೂ ಸಲೀಸಾಗಿರಲಿಲ್ಲ. ಮೂರು ಕಡೆಯಿಂದ ದುಡ್ಡು ಬಂದರೆ ಮೂರು ಕಡೆಯಿಂದ ಪ್ರಶ್ನೆಗಳೂ ಬರುತ್ತವೆ. 1921ರಲ್ಲಿ ಪೋಪ್ ಸಮಿತಿ, ಹತ್ತು ವರ್ಷ ಕಳೆದು ಸೀವೆಲ್ ಸಮಿತಿ, 1936ರಲ್ಲಿ ಅರ್ವಿನ್ ಸಮಿತಿ ಬಂದು ಸಂಸ್ಥೆಯನ್ನು ತಪಾಸಣೆ ಮಾಡಿದವು. ಕೊನೆಯದರ ಹೊತ್ತಿಗೆ ಸಿ.ವಿ. ರಾಮನ್ ನಿರ್ದೇಶಕರು, ಆ ಹುದ್ದೆಗೇರಿದ ಮೊದಲ ಭಾರತೀಯ. 1933ರಲ್ಲಿ ಬಂದವರೇ ಭೌತವಿಜ್ಞಾನ ವಿಭಾಗ ತೆರೆದರು. ಬಾಡಿಗೆಯ ಆದಾಯ ಇದ್ದಷ್ಟೇ. ಹೊಸ ವಿಭಾಗಕ್ಕೆ ಸುರಿದದ್ದು ಹಳೆಯ ವಿಭಾಗಗಳ ತಟ್ಟೆಯಿಂದ ಹೋಗಬೇಕು. ರಸಾಯನ ವಿಜ್ಞಾನದವರು ಸಿಟ್ಟಾದರು. ರಾಮನ್ ಅವರ ಮಾತಿನ ಖಾರವೂ ಸೇರಿತು. 1937ರಲ್ಲಿ ಅವರು ನಿರ್ದೇಶಕ ಹುದ್ದೆ ಬಿಟ್ಟು ಪ್ರಾಧ್ಯಾಪಕರಾಗಿ ಉಳಿದರು. ಅದನ್ನು ವ್ಯಕ್ತಿಗಳ ಜಗಳವೆಂದು ಹೇಳುವುದು ರೂಢಿ. ನನಗೆ ಕಾಣುವಂತೆ ಅದರ ಅರ್ಧ, ಬೆಳೆಯುವ ವಿಜ್ಞಾನ ಮತ್ತು ಬೆಳೆಯದ ಬಾಡಿಗೆಯ ನಡುವಿನ ಜಗಳ.

ವಿದ್ಯಾರ್ಥಿಗಳ ಪಾಡಿನದು ಬೇರೆಯೇ ಕಥೆ. ಸಂಶೋಧನೆಯ ಈ ದೊಡ್ಡ ಮನೆಗೆ ಪದವಿ ಕೊಡುವ ಅಧಿಕಾರವೇ ಇರಲಿಲ್ಲ. ಯಶಸ್ವಿಯಾದವರಿಗೆ ಸಂಸ್ಥೆಯ ಅಸೋಸಿಯೇಟ್ ಎಂಬ ಮನ್ನಣೆ, ಎಂ.ಎಸ್ಸಿ., ಡಾಕ್ಟರೇಟ್ ಬೇಕಿದ್ದರೆ ಪ್ರಬಂಧವನ್ನು ಬೇರೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಬೇಕು. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣವನ್ನು ವರ್ಷಗಟ್ಟಲೆ ಅಳೆದ ಅನ್ನಾ ಮಣಿ ತಮ್ಮ ಪ್ರಬಂಧವನ್ನು ಮದರಾಸಿಗೆ ಕಳಿಸಿದರು. ಎಂ.ಎಸ್ಸಿ. ಮಾಡಿಲ್ಲವೆಂದು ಮದರಾಸು ಡಾಕ್ಟರೇಟ್ ನಿರಾಕರಿಸಿತು. ಮುಂದೆ ದೇಶದ ಹವಾಮಾನ ಉಪಕರಣಗಳಿಗೆ ಅಡಿಪಾಯ ಹಾಕಿದ ಆ ವಿಜ್ಞಾನಿ ಕೊನೆಯವರೆಗೂ ಡಾಕ್ಟರೇಟ್ ಇಲ್ಲದೆಯೇ ಉಳಿದರು. ಅವರಿಗಿಂತ ಮೊದಲು, 1933ರಲ್ಲಿ, ಕಮಲಾ ಭಾಗವತ್ ಬಾಗಿಲು ತಟ್ಟಿದಾಗ ಹೆಣ್ಣೆಂಬ ಕಾರಣಕ್ಕೆ ರಾಮನ್ ಒಲ್ಲೆನೆಂದಿದ್ದರು. ಆಕೆ ಜಗ್ಗಲಿಲ್ಲ, ಷರತ್ತಿನ ಮೇಲೆ ಸೇರಿಕೊಂಡು, ಎಂ. ಶ್ರೀನಿವಾಸಯ್ಯ ಎಂಬ ಗುರುವಿನ ಬಳಿ ಹಾಲು, ಬೇಳೆಕಾಳುಗಳ ಪ್ರೋಟೀನ್ ಕುರಿತು ಕೆಲಸ ಮಾಡಿದರು. ಮದುವೆಯ ನಂತರ ಕಮಲಾ ಸೊಹೋನಿ ಎಂದು ಹೆಸರಾದವರು ಅವರೇ. ಸಂಸ್ಥೆಗೆ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿ, ತನ್ನದೇ ಪದವಿ ಕೊಡುವಂತಾದದ್ದು 1958ರಲ್ಲಿ. ಪಿಯುಸಿ ಮುಗಿಸಿದ ಹುಡುಗ ಹುಡುಗಿಯರಿಗೆ ನಾಲ್ಕು ವರ್ಷದ ಪದವಿ ತೆರೆದದ್ದು ಶತಮಾನ ತುಂಬಿದ ಮೇಲೆ, 2011ರಲ್ಲಿ.

ಎರಡನೇ ಮಹಾಯುದ್ಧ ಮತ್ತೆ ದುಡ್ಡಿನ ದಿಕ್ಕು ತಿರುಗಿಸಿತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಬೆಂಗಳೂರಿಗೆ ಬಂತು. ಎರಡು ವರ್ಷದಲ್ಲಿ ಇನ್‌ಸ್ಟಿಟ್ಯೂಟಿನಲ್ಲಿ ವೈಮಾನಿಕ ವಿಭಾಗ ಹುಟ್ಟಿತು. ರಜೆಗೆಂದು ಬಂದು ಯುದ್ಧದಿಂದಾಗಿ ಕೇಂಬ್ರಿಜ್‌ಗೆ ಹಿಂದಿರುಗಲಾಗದ ಹೋಮಿ ಭಾಭಾ ಇಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನಕ್ಕೆ ಕುಳಿತರು, ದೊರಾಬ್‌ಜಿ ಟಾಟಾ ಟ್ರಸ್ಟಿನ ನೆರವಿನಿಂದ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮುಂಬಯಿಯದು ಎಂದೇ ನಾವು ತಿಳಿದಿದ್ದೇವೆ. ಅದು 1945ರ ಜೂನ್‌ನಲ್ಲಿ ಆರಂಭವಾದದ್ದು ಇದೇ ಆವರಣದಲ್ಲಿ.

ಸ್ವಾತಂತ್ರ್ಯದ ನಂತರ ಕೇಂದ್ರ ಸರ್ಕಾರವೇ ದೊಡ್ಡ ಕೈ. ಬಾಡಿಗೆ ಹಿಂದೆ ಸರಿಯಿತು, ದೆಹಲಿಯ ಅನುದಾನ ಮುಂದೆ ಬಂತು. 1962ರಿಂದ ಸುಮಾರು ಎರಡು ದಶಕ ನಿರ್ದೇಶಕರಾಗಿದ್ದ ಸತೀಶ್ ಧವನ್ ಆ ಅನುದಾನದಲ್ಲಿ ಹೊಸ ಹೊಸ ವಿಷಯಗಳಿಗೆ ಜಾಗ ಮಾಡಿದರು. ಅವುಗಳಲ್ಲಿ ನನಗೆ ಪ್ರಿಯವಾದದ್ದು 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಕಟ್ಟಿದ, ವಿಜ್ಞಾನವನ್ನು ಹಳ್ಳಿಗಳಿಗೆ ಒಯ್ಯುವ ‘ಅಸ್ತ್ರ’ ಎಂಬ ಘಟಕ. ಕುಣಿಗಲ್ ಬಳಿಯ ಉಂಗ್ರಕ್ಕೆ ಹೋಗಿ, ಹೆಂಗಸರು ಸೌದೆಗೆ ಎಷ್ಟು ನಡೆಯುತ್ತಾರೆ, ಒಲೆ ಎಷ್ಟು ಸೌದೆ ನುಂಗುತ್ತದೆ ಎಂದು ವಿಜ್ಞಾನಿಗಳು ಅಳೆದರು. ಕಡಿಮೆ ಹೊಗೆಯ ಅಸ್ತ್ರ ಒಲೆ ನಮ್ಮ ಹಳ್ಳಿಗಳ ಅಡುಗೆಮನೆಗೆ ಬಂದದ್ದು ಹಾಗೆ.

ಈಚಿನ ದಾನಗಳ ಗಾತ್ರವೇ ಬೇರೆ. 2022ರಲ್ಲಿ ಸುಸ್ಮಿತಾ ಮತ್ತು ಸುಬ್ರತೋ ಬಾಗ್ಚಿ, ರಾಧಾ ಮತ್ತು ಎನ್.ಎಸ್. ಪಾರ್ಥಸಾರಥಿ ದಂಪತಿಗಳು ವೈದ್ಯಕೀಯ ಶಾಲೆ ಮತ್ತು ಆಸ್ಪತ್ರೆಗಾಗಿ 425 ಕೋಟಿ ರೂಪಾಯಿ ಘೋಷಿಸಿದರು. ನೆಲದ ದಾನವೂ ಮುಂದುವರಿದಿದೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ ರಾಜ್ಯ ಸರ್ಕಾರ 1500 ಎಕರೆ ಕೊಟ್ಟಿತು. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ನಡೆಯುವ ತರಬೇತಿ ಒಳ್ಳೆಯ ಕೆಲಸ. ಆದರೆ ಆ ನೆಲ ಅಮೃತಮಹಲ್ ಕಾವಲು. ಸುತ್ತಲಿನ ಹಳ್ಳಿಗಳ ದನ ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಅಲ್ಲಿ ಹಲವು ಸಂಸ್ಥೆಗಳಿಗೆ ಜಮೀನು ಹಂಚಿದ್ದನ್ನು ಪ್ರಶ್ನಿಸಿ ಜನ ಹಸಿರು ನ್ಯಾಯಮಂಡಳಿಯವರೆಗೂ ಹೋದರು. ಊರಿನವರ ಬಳಕೆಯಲ್ಲಿರುವ ನೆಲವನ್ನು ಕೊಡುವಾಗ ಊರಿನವರನ್ನು ಮೊದಲು ಕೇಳಬೇಕಿತ್ತು. ಅಷ್ಟು ಕೇಳಿಕೊಳ್ಳುವ ಸೌಜನ್ಯಕ್ಕೆ ಹೆಚ್ಚಿನ ಖರ್ಚೇನೂ ತಗಲುತ್ತಿರಲಿಲ್ಲ.

ಬೆಂಗಳೂರಿನ ಹಳಬರು ಇದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ, ತಪ್ಪೇನಿಲ್ಲ. ಮುಖ್ಯ ಕಟ್ಟಡದ ಮುಂದೆ ಜಮ್ಸೆಟ್‌ಜಿ ನಿಂತಿದ್ದಾರೆ, ಕೈಯಲ್ಲಿ ಸಂಸ್ಥೆಯ ಪುಟ್ಟ ಮಾದರಿ ಹಿಡಿದು. ಆದರೆ ಮೈಸೂರು ಕೊಟ್ಟ ಆ ಐವತ್ತು ಸಾವಿರ, ಕಂದಾಯ ಕಟ್ಟಿದ ನಮ್ಮ ಹಿರಿಯರ ದುಡ್ಡು. ವರ್ಷಕ್ಕೊಮ್ಮೆ ಓಪನ್ ಡೇ ದಿನ ಸಂಸ್ಥೆಯ ಪ್ರಯೋಗಾಲಯಗಳು ಎಲ್ಲರಿಗೂ ತೆರೆದಿರುತ್ತವೆ, ಟಿಕೆಟ್ ಇಲ್ಲ. ಮುಂದಿನ ಸಲ ಮಕ್ಕಳನ್ನು ಕರೆದುಕೊಂಡು ಹೋಗಿ, ಅಲ್ಲಿನ ವಿಜ್ಞಾನಿಗಳನ್ನು ಕನ್ನಡದಲ್ಲೇ ಪ್ರಶ್ನೆ ಕೇಳಲು ಹೇಳಿ.