ಬೆಂಚ್‌ಮಾರ್ಕ್ (ಗಣಕ ವಿಜ್ಞಾನ)

ಬೆಂಚ್‌ಮಾರ್ಕ್ ಎಂಬುದು ಗಣಕಯಂತ್ರ, ಕಂಪೈಲರ್ ಅಥವಾ ದತ್ತಸಂಚಯ (ಡೇಟಾಬೇಸ್) ತಂತ್ರಾಂಶಗಳ ವೇಗವನ್ನು ಹೋಲಿಸಲು ನಡೆಸುವ ಪರೀಕ್ಷೆ. ಒಂದೇ ಕಿರು ಪ್ರೋಗ್ರಾಮನ್ನು ಬೇರೆ ಬೇರೆ ವ್ಯವಸ್ಥೆಗಳಲ್ಲಿ ಓಡಿಸಿ, ತಗಲುವ ಕಾಲವನ್ನು ಅಳೆಯಲಾಗುತ್ತದೆ. ವಿಧಾನ ಸರಳ, ಬಂದ ಅಂಕಿಯನ್ನು ಅರ್ಥೈಸುವುದು ಅಷ್ಟು ಸರಳವಲ್ಲ.

ಕಂಪೈಲರ್‌ಗಳ ಪರೀಕ್ಷೆ

1972ರಲ್ಲಿ ಬ್ರಿಟನ್ನಿನಲ್ಲಿ ಆಲ್ಗಾಲ್ 60 ಭಾಷೆಯಲ್ಲಿ ಬರೆಯಲಾದ 'ವೆಟ್‌ಸ್ಟೋನ್' ಮುಖ್ಯವಾಗಿ ದಶಾಂಶ ಸಂಖ್ಯೆಗಳ ಲೆಕ್ಕದ ವೇಗವನ್ನು ಅಳೆಯುತ್ತಿತ್ತು. ಇಂಗ್ಲಿಷಿನಲ್ಲಿ ಈ ಪದಕ್ಕೆ ಸಾಣೆಕಲ್ಲು ಎಂಬ ಅರ್ಥವಿದ್ದರೂ ಇಲ್ಲಿ ಅದು ಒಂದು ಊರಿನ ಹೆಸರಿನಿಂದ ಬಂದುದು. 1984ರಲ್ಲಿ ರೈನ್‌ಹೋಲ್ಡ್ ವೈಕರ್ ಪೂರ್ಣಾಂಕ ಹಾಗೂ ಅಕ್ಷರಸರಣಿಗಳ ಕೆಲಸವನ್ನು ಅಳೆಯುವ ಪರೀಕ್ಷೆ ರಚಿಸಿ, 'ವೆಟ್' ಅಂದರೆ ಒದ್ದೆ ಎಂಬ ಧ್ವನಿಗೆ ಎದುರಾಗಿ, ಒಣ ಎಂಬರ್ಥ ಹೊಳೆಯುವಂತೆ, 'ಡ್ರೈಸ್ಟೋನ್' ಎಂದು ಹೆಸರಿಟ್ಟರು.

ಇಂತಹ ಪರೀಕ್ಷೆಗಳಲ್ಲಿ ಒಂದು ತೊಡಕುಂಟು. ಲೆಕ್ಕ ಮಾಡಿದ ಉತ್ತರವನ್ನು ಪ್ರೋಗ್ರಾಮು ಮುಂದೆಲ್ಲೂ ಬಳಸದಿದ್ದರೆ, ಚುರುಕಾದ ಕಂಪೈಲರ್ ಆ ಲೆಕ್ಕವನ್ನೇ ಕೈಬಿಡುತ್ತದೆ. ಆಗ ಮಾಡದ ಕೆಲಸದ ವೇಗವನ್ನು ಅಳೆದಂತಾಗುತ್ತದೆ. ಡ್ರೈಸ್ಟೋನ್‌ಗೂ ಈ ಗತಿ ಬಂದುದರಿಂದ 1988ರಲ್ಲಿ ಅದರ ಎರಡನೆಯ ಆವೃತ್ತಿ ಹೊರಬಂದಿತು. ಉತ್ತರವನ್ನು ಕೊನೆಯಲ್ಲಿ ಮುದ್ರಿಸಿ ತಾಳೆ ನೋಡುವುದು ಇದಕ್ಕೆ ಸುಲಭವಾದ ಪರಿಹಾರ. 1981ರಲ್ಲಿ 'ಬೈಟ್' ಪತ್ರಿಕೆ ಪ್ರಕಟಿಸಿದ ಎರಟೋಸ್ತನೀಸನ ಜರಡಿಯ ಪರೀಕ್ಷೆಯಲ್ಲಿ 1,899 ಅವಿಭಾಜ್ಯ ಸಂಖ್ಯೆಗಳು ದೊರೆಯಬೇಕಿತ್ತು. ಬೇರೆ ಸಂಖ್ಯೆ ಬಂದರೆ ವೇಗದ ಮಾತೇ ಇಲ್ಲ.

ಡೇಟಾಬೇಸ್‌ಗಳ ಪರೀಕ್ಷೆ

ಇಲ್ಲಿ ಅಳತೆಗಿಂತ ಸಿದ್ಧತೆಯೇ ಹೆಚ್ಚಾಗಿ ಫಲಿತಾಂಶವನ್ನು ನಿರ್ಧರಿಸುತ್ತದೆ. ಎಸ್‌ಕ್ಯೂಲೈಟ್‌ನಲ್ಲಿ ಸಾವಿರಾರು ಸಾಲುಗಳನ್ನು ಒಂದೇ ವ್ಯವಹಾರವಾಗಿ (ಟ್ರಾನ್ಸಾಕ್ಷನ್) ಸೇರಿಸಿದರೆ ಸೆಕೆಂಡಿಗೆ 50,000ಕ್ಕೂ ಹೆಚ್ಚು ಸಾಲುಗಳು ಸೇರಬಲ್ಲವು. ಪ್ರತಿ ಸಾಲನ್ನೂ ಪ್ರತ್ಯೇಕ ವ್ಯವಹಾರವಾಗಿಸಿದರೆ, ಪ್ರತಿ ಬಾರಿಯೂ ದತ್ತಾಂಶವು ತಟ್ಟೆಯ ಮೇಲೆ ಭದ್ರವಾಗುವವರೆಗೆ ಕಾಯಬೇಕು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್‌ ಡಿಸ್ಕು ಸೆಕೆಂಡಿಗೆ 120 ಸುತ್ತು ಮಾತ್ರ ತಿರುಗುತ್ತದೆ. ಒಂದು ವ್ಯವಹಾರಕ್ಕೆ ಸುಮಾರು ಎರಡು ಸುತ್ತು ಹಿಡಿಯುವುದರಿಂದ 60 ಸಾಲುಗಳಷ್ಟೇ ಸೇರುತ್ತವೆ. ತಂತ್ರಾಂಶ ಅದೇ, ಯಂತ್ರವೂ ಅದೇ. ಒಂದು ಡೇಟಾಬೇಸನ್ನು ಮೊದಲ ಬಗೆಯಲ್ಲೂ ಇನ್ನೊಂದನ್ನು ಎರಡನೆಯ ಬಗೆಯಲ್ಲೂ ಓಡಿಸಿ ತೀರ್ಪು ಕೊಡುವುದು ನ್ಯಾಯವಲ್ಲ. ಮೊದಲ ಓದಿಗೂ, ದತ್ತಾಂಶ ಸ್ಮೃತಿಯಲ್ಲಿ ಉಳಿದ ಮೇಲಿನ ಎರಡನೆಯ ಓದಿಗೂ ಅಂತರವಿರುವುದರಿಂದ ಪರೀಕ್ಷೆಯನ್ನು ಹಲವು ಬಾರಿ ನಡೆಸಬೇಕಾಗುತ್ತದೆ.

ವಿವಾದ

ಡೇವಿಡ್ ಡಿವಿಟ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ 'ವಿಸ್ಕಾನ್ಸಿನ್ ಬೆಂಚ್‌ಮಾರ್ಕ್'ನಲ್ಲಿ ಒರಾಕಲ್ ಹಿಂದೆ ಬಿದ್ದಿತು. ಅನುಮತಿಯಿಲ್ಲದೆ ಪರೀಕ್ಷೆಯ ಫಲಿತಾಂಶವನ್ನು ಪ್ರಕಟಿಸಬಾರದೆಂಬ ಷರತ್ತು ಮುಂದೆ ಆ ಸಂಸ್ಥೆಯ ಪರವಾನಗಿಯಲ್ಲಿ ಸೇರಿತು. ಇತರ ಕಂಪನಿಗಳೂ ಅನುಸರಿಸಿದ ಈ ಷರತ್ತಿಗೆ 'ಡಿವಿಟ್ ಷರತ್ತು' ಎಂದೇ ಹೆಸರು. ಇದರಿಂದಾಗಿ ಅಂತಹ ತಂತ್ರಾಂಶಗಳನ್ನು ಹೋಲಿಸುವ ಕೆಲವು ಸಂಶೋಧನಾ ಲೇಖನಗಳಲ್ಲಿ ಅವುಗಳ ಹೆಸರಿನ ಬದಲು ಕೇವಲ ಅಕ್ಷರಗಳು ಕಾಣಸಿಗುತ್ತವೆ.