ನೆಗಡಿಯಲ್ಲ, ಕಾಂಗ್ರೆಸ್ ಗಿಡದ ಪರಾಗ

ಮುಂಗಾರು ಆರಂಭವಾಗಿ ಒಂದೆರಡು ತಿಂಗಳಾಗುತ್ತಿದ್ದಂತೆ ಕಡೂರಿನ ಬಯಲು, ತರೀಕೆರೆಯ ತೋಟಗಳ ಅಂಚು ಹಾಗೂ ಅಜ್ಜಂಪುರದ ಬೀಳುಭೂಮಿಗಳಲ್ಲಿ ಪಾರ್ಥೇನಿಯಂ ಬಿಳಿ ಹೂ ಬಿಡುತ್ತದೆ. ಜನರ ಬಾಯಲ್ಲಿ ಇದು ಕಾಂಗ್ರೆಸ್ ಗಿಡ. ಇದರ ಪರಾಗ ಒಗ್ಗದವರಿಗೆ ಒಂದರ ಹಿಂದೊಂದು ಸೀನು, ನೀರಿನಂಥ ಸಿಂಬಳ, ಕಣ್ಣುರಿ ಆರಂಭವಾಗುತ್ತದೆ.

ಇದನ್ನು ನೆಗಡಿಯೆಂದು ಭಾವಿಸುವವರೇ ಹೆಚ್ಚು. ನೆಗಡಿ ವೈರಾಣುವಿನಿಂದ ಬರುವಂಥದ್ದು. ಸಾಮಾನ್ಯವಾಗಿ ವಾರ, ಹತ್ತು ದಿನಗಳಲ್ಲಿ ಇಳಿಯುತ್ತದೆ. ಪರಾಗದ ಅಲರ್ಜಿಯಲ್ಲಿ ಜ್ವರವಿರುವುದಿಲ್ಲ. ಕಣ್ಣು, ಮೂಗು ತುರಿಸುತ್ತವೆ. ಹೂವಿರುವವರೆಗೂ ಕಾಟ ತಪ್ಪದು. ಇದು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ, ಆಂಟಿಬಯೋಟಿಕ್ ಮಾತ್ರೆಗೆ ಬಗ್ಗುವುದೂ ಇಲ್ಲ. ಉಬ್ಬಸ ಕಾಣಿಸಿಕೊಂಡರೆ ವೈದ್ಯರ ಬಳಿಗೆ ಹೋಗಲು ತಡಮಾಡಬಾರದು.

ಅಮೆರಿಕ ಖಂಡದ ಈ ಕಳೆ 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶದುದ್ದಕ್ಕೂ ಹಬ್ಬಿತು. ಇದನ್ನು ಹತ್ತಿಕ್ಕಲು 1984ರಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೋ ಮೂಲದ ಜೀರುಂಡೆಗಳನ್ನು ಬಿಡಲಾಯಿತು. ಅವು ಎಲೆ ತಿನ್ನುವುದು ಮುಖ್ಯವಾಗಿ ಮಳೆಗಾಲದಲ್ಲಿ. ಚಳಿಗಾಲದಲ್ಲಿ ಮಣ್ಣು ಸೇರುತ್ತವೆ. ಗಿಡವೊಂದು ಸಾವಿರಾರು ಬೀಜ ಉದುರಿಸುವುದರಿಂದ ಹೂ ಬಿಡುವ ಮೊದಲೇ ಕೈಗವಸು ಧರಿಸಿ ಬೇರುಸಹಿತ ಕೀಳುವುದೇ ಸರಿಯಾದ ಮಾರ್ಗ. ಅಲರ್ಜಿ ಇರುವವರು ಮಾತ್ರ ಈ ಕೆಲಸದಿಂದ ದೂರವಿರುವುದು ಒಳಿತು.