ಲಸಿಕೆ ಹಾಕಿಸಿದ ಕೋಳಿಯ ಮೊಟ್ಟೆ ತಿನ್ನಬಾರದೇ? ಹಿತ್ತಲಲ್ಲಿ ಕೋಳಿ ಸಾಕುವವರಿಗೆ ಬರುವ ಫಾರ್ವರ್ಡ್‌ಗಳ ಅಸಲಿಯತ್ತು

"ಕೋಳಿಗೆ ಲಸಿಕೆ ಹಾಕಿಸಿದರೆ ಔಷಧ ಮೊಟ್ಟೆಗೆ ಇಳಿಯುತ್ತದೆ, ಮಕ್ಕಳಿಗೆ ಕೊಡಬೇಡಿ. ಅರಿಶಿನ, ಬೆಳ್ಳುಳ್ಳಿ ನೀರು ಕುಡಿಸಿ ಸಾಕು, ಯಾವ ರೋಗವೂ ಬಾರದು. ತಪ್ಪದೆ ಶೇರ್ ಮಾಡಿ."

ಈ ಸಂದೇಶ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದಾಗ ನಾನು ಕೋಳಿ ಸಾಕಲು ಶುರುಮಾಡಿ ನಾಲ್ಕು ತಿಂಗಳಾಗಿತ್ತು. ತುಮಕೂರಿನ ಹೊರಭಾಗದ ಮನೆ, ಹಿತ್ತಲಲ್ಲಿ ಒಂದು ನುಗ್ಗೆ ಮರ, ಅದರ ಕೆಳಗೆ ಹಳೇ ಬಾಗಿಲು ಮತ್ತು ಜಾಲರಿಯಿಂದ ಮಾಡಿದ ಗೂಡು, ಅದರೊಳಗೆ ಐದು ಹೇಂಟೆ. ಸುಳ್ಳು ಸುದ್ದಿ ಹೇಗೆ ಹರಡುತ್ತದೆ ಎನ್ನುವುದನ್ನೇ ಓದಿಕೊಂಡವಳು ನಾನು. ಸಂದೇಶವನ್ನು ನಂಬಲಿಲ್ಲ. ಆದರೆ "ನೋಡೋಣ, ಮುಂದಿನ ವಾರ ಹಾಕಿಸಿದರಾಯ್ತು" ಅಂದುಕೊಂಡೆ. ನಂಬದಿದ್ದರೂ ಫಾರ್ವರ್ಡ್ ತನ್ನ ಕೆಲಸ ಮಾಡಿತ್ತು.

ಆ ವಾರವೇ ಸಂತೆಯಿಂದ ಆರನೆಯ ಕೋಳಿ ತಂದು ನೇರವಾಗಿ ಗೂಡಿಗೆ ಬಿಟ್ಟೆ. ಐದಾರು ದಿನಕ್ಕೆ ಅದು ಮಂಕಾಯಿತು. ರೆಕ್ಕೆ ಇಳಿಬಿಟ್ಟು ಮೂಲೆಯಲ್ಲಿ ಕೂತಿತು, ಹಸಿರು ಬಣ್ಣದ ನೀರು ಭೇದಿ. ಆಮೇಲೆ ಉಳಿದವಕ್ಕೂ ಅದೇ. ಒಂದು ಕೋಳಿಯ ಕತ್ತು ತಿರುಚಿಕೊಂಡು ಆಕಾಶ ನೋಡುವಂತಾಗಿತ್ತು. ಒಂದು ವಾರದಲ್ಲಿ ಆರರಲ್ಲಿ ನಾಲ್ಕು ಸತ್ತವು. ಪಶು ಆಸ್ಪತ್ರೆಯ ವೈದ್ಯರು ಕತ್ತು ತಿರುಚಿದ ಕೋಳಿಯ ವಿಡಿಯೋ ನೋಡಿದವರೇ "ಕೊಕ್ಕರೆ ರೋಗ ಇದ್ದಂಗಿದೆ" ಅಂದರು.

ಕೊಕ್ಕರೆ ರೋಗ ಅಂದರೆ ರಾಣಿಖೇತ್ ರೋಗ. 1926ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಕಾಣಿಸಿಕೊಂಡದ್ದರಿಂದ ಹೊರದೇಶಗಳಲ್ಲಿ ಇದಕ್ಕೆ ನ್ಯೂಕ್ಯಾಸಲ್ ರೋಗ ಎನ್ನುತ್ತಾರೆ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಈಗಿನ ಉತ್ತರಾಖಂಡದ ರಾಣಿಖೇತ್‌ನಲ್ಲಿ ಪತ್ತೆಯಾಗಿ ನಮ್ಮಲ್ಲಿ ಆ ಊರಿನ ಹೆಸರು ನಿಂತಿತು. ಇದು ವೈರಸ್ಸಿನಿಂದ ಬರುವ ರೋಗ. ಹಾಗಾಗಿ ಆ್ಯಂಟಿಬಯೋಟಿಕ್ ಕೊಟ್ಟರೂ ವೈರಸ್ ಸಾಯುವುದಿಲ್ಲ. ಬಂದಮೇಲೆ ಗುಣಪಡಿಸುವ ಔಷಧಿಯೂ ಇಲ್ಲ. ಅರಿಶಿನ, ಬೆಳ್ಳುಳ್ಳಿ ನೀರು ಕುಡಿಸಿದರೆ ಕೋಳಿಗೆ ಹಾನಿಯೇನಿಲ್ಲ, ಆದರೆ ಈ ವೈರಸ್ಸನ್ನು ಅದು ತಡೆಯುವುದಿಲ್ಲ. ತಡೆಯಲು ಇರುವುದು ಲಸಿಕೆ, ಜೊತೆಗೆ ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆಯಾಗಿ ಇಡುವ ತಾಳ್ಮೆ. ನನ್ನಲ್ಲಿ ಎರಡೂ ಇರಲಿಲ್ಲ.

ಹಾಗಾದರೆ ಮೊಟ್ಟೆಗೆ ಲಸಿಕೆ ಇಳಿಯುತ್ತದೆ ಎನ್ನುವ ಮಾತು ಎಲ್ಲಿಂದ ಬಂತು? ಇದರ ಹಿಂದೆ ಅರ್ಧ ಸತ್ಯವೊಂದು ಇದ್ದಿರಬಹುದು. ಕೋಳಿಗೆ ಆ್ಯಂಟಿಬಯೋಟಿಕ್ ಕೊಟ್ಟಾಗ ಅದರ ಅಂಶ ಕೆಲವು ದಿನ ಮೊಟ್ಟೆಯಲ್ಲಿ ಉಳಿಯಬಹುದು. ಆ ದಿನಗಳ ಮೊಟ್ಟೆ ತಿನ್ನಬೇಡಿ ಎಂದು ವೈದ್ಯರು ಹೇಳುವುದು ನಿಜ. ಲಸಿಕೆಯ ವಿಷಯ ಬೇರೆ. ಅದರಲ್ಲಿರುವುದು ಸೌಮ್ಯವಾಗಿಸಿದ ವೈರಸ್. ಅದು ಕೋಳಿಯ ದೇಹಕ್ಕೆ ರೋಗದ ಗುರುತು ಹಿಡಿಯುವುದನ್ನು ಕಲಿಸುತ್ತದೆಯೇ ಹೊರತು ಮೊಟ್ಟೆಯನ್ನು ವಿಷ ಮಾಡುವುದಿಲ್ಲ. ಒಂದು ಮಾತು ಮಾತ್ರ ಇದೆ: ಕೆಲವು ಲಸಿಕೆಗಳನ್ನು ಮೊಟ್ಟೆ ಇಡುತ್ತಿರುವ ಹೇಂಟೆಗೆ ಹಾಕಿದರೆ ಸ್ವಲ್ಪ ದಿನ ಮೊಟ್ಟೆ ಕಡಿಮೆಯಾಗಬಹುದು. ಅದಕ್ಕೇ ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ ಹಾಕಿ, ಆರೆಂಟು ವಾರವಾದಾಗ ಚುಚ್ಚುಮದ್ದು ಕೊಡುವ ಪದ್ಧತಿ ಇದೆ. ದೊಡ್ಡ ಕೋಳಿಗೆ ಯಾವುದು, ಯಾವಾಗ ಎನ್ನುವುದನ್ನು ಪಶುವೈದ್ಯರನ್ನೇ ಕೇಳಿ.

ನಿಜವಾದ ತೊಂದರೆ ಬೇರೆ ಕಡೆ ಇದೆ, ಅದರ ಬಗ್ಗೆ ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಲಸಿಕೆಯ ಒಂದು ಸೀಸೆಯಲ್ಲಿ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗೆ ಆಗುವಷ್ಟು ಇರುತ್ತದೆ. ತಣ್ಣಗೆ ಇಡಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿ ಇಟ್ಟುಕೊಂಡವರು ಉಳಿದದ್ದನ್ನು ಏನು ಮಾಡುವುದು? ಫ್ರಿಜ್ಜಿನಲ್ಲಿಟ್ಟು ಮುಂದಿನ ತಿಂಗಳು ಹಾಕಿದರೆ ನೀರು ಹಾಕಿದ ಹಾಗೆಯೇ.

ಇನ್ನು ಪಕ್ಕದ ಮನೆಯ ಅಜ್ಜಿ ಮೊದಲ ದಿನವೇ ಕೇಳಿದ್ದರು: "ಹುಂಜ ಇಲ್ದೆ ಎಂಗಮ್ಮ ಮೊಟ್ಟೆ ಇಕ್ತವೆ?" ಇಡುತ್ತವೆ. ಹೇಂಟೆಯ ದೇಹದಲ್ಲಿ ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ಇದಕ್ಕೆ ಹುಂಜ ಬೇಕಿಲ್ಲ. ಹುಂಜ ಬೇಕಾಗುವುದು ಮರಿಯಾಗಲು. ಆ ಮರಿಗೆ 21 ದಿನದ ಕಾವು. ಮೊಟ್ಟೆ ಒಡೆದಾಗ ಕಾಣುವ ರಕ್ತದ ಚುಕ್ಕೆಯನ್ನು "ಮರಿಯಾಗುತ್ತಿತ್ತು" ಎಂದು ಎಸೆಯುವವರಿದ್ದಾರೆ. ಹಳದಿ ಭಾಗ ಬಿಡುಗಡೆಯಾಗುವಾಗ ಚಿಕ್ಕ ರಕ್ತನಾಳ ಒಡೆದದ್ದಷ್ಟೇ ಅದು. ಚುಕ್ಕೆ ತೆಗೆದು ಬೇಯಿಸಿ ತಿನ್ನಬಹುದು.

ಕಂದು ಮೊಟ್ಟೆಯೆಲ್ಲ ನಾಟಿ ಮೊಟ್ಟೆ ಎನ್ನುವುದೂ ಸುಳ್ಳು. ಚಿಪ್ಪಿನ ಬಣ್ಣ ತಳಿಯ ಗುಣ, ಫಾರಂನಲ್ಲಿ ಸಾಕುವ ಕೆಲವು ತಳಿಗಳೂ ಕಂದು ಮೊಟ್ಟೆ ಇಡುತ್ತವೆ. ಹಳದಿಯ ಗಾಢತೆ ಕೋಳಿ ತಿಂದ ಸೊಪ್ಪು, ಮೆಕ್ಕೆಜೋಳದಿಂದ ಬರುತ್ತದೆ. ಬಣ್ಣ ನೋಡಿ ದುಪ್ಪಟ್ಟು ದುಡ್ಡು ಕೊಡುವ ಮುಂಚೆ ಇದು ನೆನಪಿರಲಿ.

ನೀರಿನಲ್ಲಿ ಮುಳುಗಿದರೆ ಒಳ್ಳೆಯದು, ತೇಲಿದರೆ ಕೆಟ್ಟದ್ದು ಎನ್ನುವ ಪರೀಕ್ಷೆ ಅರ್ಧ ಸರಿ. ದಿನ ಕಳೆದಂತೆ ಚಿಪ್ಪಿನ ರಂಧ್ರಗಳಿಂದ ತೇವ ಹೊರಹೋಗಿ ಒಳಗಿನ ಗಾಳಿಯ ಜಾಗ ದೊಡ್ಡದಾಗುತ್ತದೆ, ಅದಕ್ಕೇ ತೇಲುತ್ತದೆ. ಅಂದರೆ ಅದು ಹಳೆಯದು ಎಂದು ಗೊತ್ತಾಗುತ್ತದೆ, ಅಷ್ಟೆ. ಮುಳುಗಿದ ಮೊಟ್ಟೆಯಲ್ಲೂ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಚೆನ್ನಾಗಿ ಬೇಯಿಸಿ. ಗೂಡಿನಿಂದ ತಂದ ಕೂಡಲೇ ತೊಳೆದಿಡಬೇಡಿ, ಚಿಪ್ಪಿನ ಮೇಲಿನ ತೆಳು ಪೊರೆ ಹೋಗುತ್ತದೆ. ಬಳಸುವ ಮುಂಚೆ ತೊಳೆದರೆ ಸಾಕು. ಗೂಡು ಮುಟ್ಟಿದ ಕೈಯನ್ನು ಮಾತ್ರ ಆಗಲೇ ಸೋಪು ಹಾಕಿ ತೊಳೆಯಿರಿ, ಮಕ್ಕಳಿದ್ದರಂತೂ ಬಿಡಬೇಡಿ.

ಸತ್ತ ಕೋಳಿಗಳನ್ನು ಸುಣ್ಣ ಹಾಕಿ ಆಳವಾಗಿ ಹೂಳಿದೆವು. ಉಳಿದ ಎರಡನ್ನು ಬೇರೆ ಕಡೆ ಇಟ್ಟು, ಗೂಡು ತೊಳೆದು, ಬಿಸಿಲಿಗೆ ಬಿಟ್ಟು, ಎರಡು ತಿಂಗಳು ಹೊಸ ಕೋಳಿ ತರಲಿಲ್ಲ. ಆಮೇಲೆ ನಮ್ಮ ಬೀದಿಯಲ್ಲಿ ಕೋಳಿ ಇರುವ ಮನೆಗಳನ್ನೆಲ್ಲ ಎಣಿಸಿದೆ: ಒಂಬತ್ತು ಮನೆ, ಎಪ್ಪತ್ತರ ಮೇಲೆ ಕೋಳಿ. ಒಂದು ಸೀಸೆಗೆ ಸರಿಹೋಯಿತು. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ, ಕೋಳಿಗಳು ಗೂಡಿನಿಂದ ಹೊರಬರುವ ಮುಂಚೆ, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಸೀಸೆ ಬಂತು. ಮೊದಲು ಮಂಕರಿ ಎತ್ತಿ ತನ್ನ ಕೋಳಿಗಳನ್ನು ಹಿಡಿದುಕೊಟ್ಟವರು ಪಕ್ಕದ ಮನೆಯ ಅಜ್ಜಿಯೇ.